ದಿಮೋನ ಕೋಟು

ಸಂಜೆ ನಾಲ್ಕಕ್ಕೆ ಪೆನ್ಕಾ ಚಿಕ್ಕಮ್ಮ ಬಂದು ತಾನು ಟೀವಿಯಲ್ಲಿ ಮಾತಾಡುವುದಿಲ್ಲ ಎಂದಾಗ, ಕಣಿವೆ ವಾಹಿನಿಯ ಮೊದಲ ವಾರ್ತೆಗೆ ಮೂರೇ ಗಂಟೆ ಉಳಿದಿತ್ತು. ಆ ವಾರ್ತೆಯಲ್ಲಿ ಇದ್ದದ್ದೇ ಪೆನ್ಕಾ. ಅವಳನ್ನು ಬಿಟ್ಟರೆ ನೇವೆನಾಳ ಕೈಯಲ್ಲಿ ಒಂದು ಕ್ಯಾಮೆರಾ, ಮೂರು ದೀಪ ಮತ್ತು ಗೋಡೆಗೆ ಹೊಡೆದ ನೀಲಿ ಹಾಸಿಗೆ ಬಟ್ಟೆ, ಅಷ್ಟೇ.

ಪೆನ್ಕಾ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ನಿನ್ ಮೇಲೆ ಸಿಟ್ಟಿಲ್ಲ ಕಣೇ ನೇವೆ. ಹೋದ ವಾರ ನಮ್ಮ ರೂಮೆನ್ ಕಾರ್ಖಾನೆಗೆ ಸೇರ್ಕೊಂಡ. ಅವರಪ್ಪ ನಿಲ್ತಿದ್ದ ಕುಲುಮೆ ಮುಂದೇನೇ ಹಾಕಿದಾರೆ. ನಾನಿಲ್ಲಿ ಬಾಯಿ ಬಿಟ್ರೆ ನಾಳೆ ಅವನನ್ನ ಗೇಟಿಂದ ಆಚೆ ನಿಲ್ಲಿಸ್ತಾರೆ. ಆಮೇಲೆ ನಾವು ತಿನ್ನೋದೇನು, ನಿನ್ನ ವಾರ್ತೇನಾ?"

ಪೆನ್ಕಾ ತಲೆಗೆ ಕಟ್ಟಿದ್ದ ಕಪ್ಪು ವಸ್ತ್ರ ಸರಿಮಾಡಿಕೊಂಡು ಹೋಗಿಬಿಟ್ಟಳು.

ಬಲ್ಗೇರಿಯಾದಲ್ಲಿ ಹಳೆಯ ಬ್ಯಾಟರಿ ಎಲ್ಲಿ ಸತ್ತರೂ ಕೊನೆಗೆ ನಮ್ಮ ಊರಿನ ಕಾರ್ಖಾನೆಗೇ ಬರುತ್ತದೆ. ಅಲ್ಲಿ ಅದನ್ನು ಒಡೆದು ಸೀಸ ಕರಗಿಸುತ್ತಾರೆ. ಎರಡು ವರ್ಷದಲ್ಲಿ ಆ ಕುಲುಮೆಯ ಮುಂದೆ ನಿಂತ ಒಂಬತ್ತು ಗಂಡಸರು ಸತ್ತರು. ಮೊದಲು ಹೊಟ್ಟೆ ಹಿಡಿದುಕೊಳ್ಳುತ್ತದೆ, ಆಮೇಲೆ ಮಣಿಕಟ್ಟು ಜೋತುಬಿದ್ದು ಕಾಫಿ ಲೋಟ ಎತ್ತಲಾಗುವುದಿಲ್ಲ, ಆಮೇಲೆ ಮೂತ್ರಪಿಂಡ ಹೋಗುತ್ತದೆ. ಒಂಬತ್ತು ಜನರ ಮರಣಪತ್ರದಲ್ಲೂ ಬರೆದದ್ದು ಹೃದಯಾಘಾತ. ಕಣಿವೆಯಲ್ಲಿ ಓದಲು ಸಿಗುವ ಪತ್ರಿಕೆ ಕಾರ್ಖಾನೆಯ ಮಾಲೀಕನದು, ನೋಡಲು ಸಿಗುವ ವಾಹಿನಿಯೂ ಅವನದೇ. ರಾಜಧಾನಿ ಸೋಫಿಯಾದ ದೊಡ್ಡ ವಾಹಿನಿಗಳಿಗೆ ನಾವು ನೆನಪಾಗುವುದು ಪ್ರವಾಹ ಬಂದಾಗ ಮಾತ್ರ. ಆಗ ರಬ್ಬರ್ ಬೂಟು ಹಾಕಿಕೊಂಡು ಬರುತ್ತಾರೆ.

ಅಂಥ ಒಂದು ದೊಡ್ಡ ವಾಹಿನಿಯಲ್ಲಿ ಹದಿನೆಂಟು ವರ್ಷ ವಾರ್ತೆ ಓದಿ, ಏಳು ತಿಂಗಳ ಹಿಂದೆ ಬಿಟ್ಟು ಬಂದವಳು ನೇವೆನಾ. ಸತ್ಯ ಹೇಳಿದ್ದಕ್ಕೆ ಓಡಿಸಿದರು ಎಂದು ಊರವರು ಅಂದುಕೊಂಡಿದ್ದರು. ಅವಳು ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಕಣಿವೆಯ ಮೂರು ಊರಿನ ಕೇಬಲ್‌ನವರ ಬೆನ್ನುಬಿದ್ದು ದಿನಕ್ಕೆ ಒಂದು ಗಂಟೆ ಗಿಟ್ಟಿಸಿದ್ದಳು. ಮೊದಲ ದಿನವೇ ಪರದೆ ಖಾಲಿ ಬಿಟ್ಟರೆ ಆ ಗಂಟೆ ಮತ್ತೆ ಬಾಣಲೆ ಮಾರುವ ವಾಹಿನಿಗೆ ಹೋಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಜೊತೆಗಿದ್ದ ಇಬ್ಬರಲ್ಲಿ ಒಬ್ಬ ಸೋಮವಾರ ಬಿಟ್ಟ, ಇನ್ನೊಬ್ಬ ಬೆಳಿಗ್ಗೆ ಫೋನ್ ಮಾಡಿ ಹೆಂಡತಿಗೆ ಹುಷಾರಿಲ್ಲ ಎಂದ. ಅವನ ಹೆಂಡತಿ ಮಧ್ಯಾಹ್ನ ಸಂತೆಯಲ್ಲಿ ಮೂಲಂಗಿ ಆರಿಸುತ್ತಿದ್ದಳು. ಈಗ ಉಳಿದವನು ದಿಮೋ ಒಬ್ಬನೇ. ಅವನು ಅಚ್ಚಿನ ಅಂಗಡಿಯವನು, ಹಿಂದಿನ ಕೋಣೆಯನ್ನು ವಾಹಿನಿಗೆ ಬಿಟ್ಟುಕೊಟ್ಟವನು. ಕ್ಯಾಮೆರಾದ ಗುಂಡಿ ಒತ್ತುವುದನ್ನೂ ನಿನ್ನೆ ಕಲಿತಿದ್ದ.

ನೇವೆನಾ ಸತ್ತ ಬೇರೆಯವರ ಮನೆಗಳಿಗೆಲ್ಲ ಫೋನ್ ಮಾಡಿದಳು. ಒಬ್ಬಳ ಅಳಿಯ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ, ಇನ್ನೊಬ್ಬಳ ಮಗಳು ಅಲ್ಲೇ ಅಡುಗೆಮನೆಯಲ್ಲಿದ್ದಳು. ಒಬ್ಬ ಮುದುಕ ಅವಳ ಮಾತು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟ. ಐದೂವರೆಯ ಹೊತ್ತಿಗೆ ಫೋನ್ ಮಾಡಲು ಯಾವ ಮನೆಯೂ ಉಳಿದಿರಲಿಲ್ಲ.

ದಿಮೋ ಚೀಸ್ ತುಂಬಿದ ಪದರ ರೊಟ್ಟಿ ಬಾನಿತ್ಸಾದ ಒಂದು ತುಂಡು ಅವಳ ಮುಂದಿಟ್ಟು, ಇವತ್ತಿಗೆ ಹವಾಮಾನ, ಶಾಲೆಯ ಫುಟ್‌ಬಾಲ್ ಏನಾದರೂ ಓದಿ ಗಂಟೆ ತುಂಬಿಸಬಾರದೇ ಎಂದ. ಅವಳು ಒಪ್ಪಲಿಲ್ಲ. ಮೊದಲ ದಿನವೇ ಹವಾಮಾನ ಓದಿದರೆ ಇವರೂ ಹೆದರಿದ್ದಾರೆ ಎಂದು ಮೂರೂರಿಗೆ ಗೊತ್ತಾಗುತ್ತದೆ. ಆಮೇಲೆ ಈ ಕ್ಯಾಮೆರಾದ ಮುಂದೆ ಯಾರೂ ಯಾವತ್ತೂ ಬಾಯಿ ಬಿಡುವುದಿಲ್ಲ. ಅವನಿಗೂ ಅದು ಗೊತ್ತಿತ್ತು. ಅವನು ಮುಂದಿನ ಕೋಣೆಗೆ ಹೋಗಿ ಗಿರಾಕಿಯೊಬ್ಬನ ಜೊತೆ ಮಾತಿಗೆ ನಿಂತ.

ದಿಮೋನ ಅಂಗಡಿ ನಡೆಯುವುದೇ ಸಾವಿನ ಕಾಗದದಿಂದ. ನಮ್ಮಲ್ಲಿ ಸತ್ತವರ ಫೋಟೋ ಹಾಕಿದ ಕಾಗದವನ್ನು ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬ್ರೆಡ್ಡಿನ ಅಂಗಡಿಯ ಗಾಜಿಗೆ ಅಂಟಿಸುತ್ತಾರೆ. ನಲವತ್ತನೇ ದಿನಕ್ಕೆ ಹೊಸದು, ಆರು ತಿಂಗಳಿಗೆ ಹೊಸದು, ವರ್ಷಕ್ಕೆ ಮತ್ತೊಂದು. ಆದರೆ ಬಡವರ ಮನೆಯಲ್ಲಿ ಒಳ್ಳೆ ಫೋಟೋ ಎಲ್ಲಿರುತ್ತದೆ? ಸಿಕ್ಕಿದ್ದನ್ನು ತರುತ್ತಾರೆ. ದಿಮೋ ತನ್ನ ಮದುವೆಯ ಕಡುನೀಲಿ ಕೋಟು, ಗೆರೆ ಗೆರೆಯ ಟೈ ಎರಡರದೂ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ. ಯಾರ ಮುಖ ಬಂದರೂ ಆ ಕೋಟಿನ ಮೇಲೆ ಕೂರಿಸುತ್ತಿದ್ದ. ಹನ್ನೊಂದು ವರ್ಷದಿಂದ ಊರಿನ ಯಾವ ಗಂಡಸೂ ದಿಮೋನ ಕೋಟು ತೊಡದೆ ದೇವರ ಬಳಿ ಹೋದದ್ದಿಲ್ಲ. ಬದುಕಿದ್ದಾಗ ಟೈ ಕಂಡರೆ ಕುತ್ತಿಗೆ ಕೆರೆದುಕೊಳ್ಳುತ್ತಿದ್ದವರೂ ಬಸ್ ನಿಲ್ದಾಣದಲ್ಲಿ ಬ್ಯಾಂಕಿನ ಮ್ಯಾನೇಜರಂತೆ ನಿಂತಿರುತ್ತಾರೆ.

ಸತ್ತವರ ಹುಟ್ಟಿದ ವರ್ಷಗಳನ್ನಾದರೂ ಬರೆದುಕೊಳ್ಳೋಣವೆಂದು ನೇವೆನಾ ಅವನ ಕಂಪ್ಯೂಟರಿನ ಮುಂದೆ ಕೂತಳು. ಹುಡುಕುತ್ತಾ ಹೋದವಳಿಗೆ ಕೋಟು ತೊಡಿಸುವ ಮೊದಲಿನ ಫೋಟೋಗಳು ಸಿಕ್ಕವು. ಕೋಸ್ತಾದಿನ್, ಪೆನ್ಕಾಳ ಗಂಡ, ಬೂದು ಬಣ್ಣದ ಕೆಲಸದ ಅಂಗಿಯಲ್ಲಿ, ಎದೆಯ ಮೇಲೆ ನಂಬರು, ಹಿಂದೆ ಬಣ್ಣ ಎದ್ದು ಬಿರುಕುಬಿಟ್ಟ ಹಸಿರು ಗೋಡೆ. ಮುಂದಿನವನ ಹಿಂದೆಯೂ ಅದೇ ಗೋಡೆ, ಅದೇ ಬಿರುಕು. ಒಂಬತ್ತು ಜನರ ಮನೆಯಲ್ಲೂ ಇದ್ದ ಕೊನೆಯ ಫೋಟೋ ಎಂದರೆ ಕಾರ್ಖಾನೆಯ ಗೇಟ್ ಪಾಸಿನದು. ಒಂಬತ್ತು ಮುಖ, ಒಂದೇ ಗೋಡೆ. ಯಾರೂ ಮಾತಾಡಬೇಕಾಗಿಯೇ ಇರಲಿಲ್ಲ. ಅವಳು ಅವನ್ನು ಒಂದೊಂದಾಗಿ ನಕಲು ಮಾಡಿಕೊಳ್ಳತೊಡಗಿದಳು.

ದಿಮೋ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ತೆಗಿ ಅದನ್ನ," ಎಂದ. "ಅವರು ನನ್ ಕೈಗೆ ಕೊಟ್ಟಿದ್ದು ಮೈ ಮುಚ್ಚೋಕೆ, ನೇವೆ. ಬಿಚ್ಚಿ ತೋರ್ಸೋಕಲ್ಲ."

"ಇನ್ನೊಂದ್ ಗಂಟೆ ಇದೆ ದಿಮೋ ಅಣ್ಣ. ನನ್ಹತ್ರ ಬೇರೆ ಏನೂ ಇಲ್ಲ."

"ಎಂಟು ಬೇರೆಯವರ್ದು. ಒಂದು ನಿಂದು. ನಿಂದನ್ನ ತೋರ್ಸು, ನಾನ್ ಬೇಡ ಅನ್ನಲ್ಲ."

ಆ ಒಂದನ್ನು ಅವಳು ಇನ್ನೂ ತೆರೆದಿರಲಿಲ್ಲ. ಬೇಕೆಂದೇ ದಾಟಿ ಹೋಗಿದ್ದಳು. ಮೆತೋದಿ, ಅವಳ ತಮ್ಮ. ಮದುವೆಯಾಗಲಿಲ್ಲ, ಅಮ್ಮ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಹೋದ ವರ್ಷ ಜನವರಿಯಲ್ಲಿ ಸತ್ತ. ಸೋಫಿಯಾದಿಂದ ಅರ್ಧ ದಿನಕ್ಕೆ ಬಂದವಳು, ಶವಪರೀಕ್ಷೆ ಬೇಡ ಎಂಬ ಕಾಗದಕ್ಕೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಸಹಿ ಹಾಕಿದ್ದಳು. ಫೋಟೋ ಕಳಿಸಿ, ಟೈ ಹಾಕು ದಿಮೋ ಅಣ್ಣ ಎಂದು ಬರೆದವಳೂ ಅವಳೇ. ತಮ್ಮ ಸತ್ತ ಒಂಬತ್ತನೇ ದಿನ, ಕಾರ್ಖಾನೆಗೆ ಪರಿಸರ ರಕ್ಷಣೆಯ ಪ್ರಶಸ್ತಿ ಬಂದ ಸುದ್ದಿಯನ್ನು ಇಡೀ ದೇಶಕ್ಕೆ ನಗುತ್ತಾ ಓದಿದ್ದಳು. ಅದನ್ನು ಓದಿ ಆರು ತಿಂಗಳಿಗೂ ಹೆಚ್ಚು ಅದೇ ಕುರ್ಚಿಯಲ್ಲಿ ಕೂತಿದ್ದಳು. ಅವಳನ್ನು ಯಾರೂ ಓಡಿಸಲಿಲ್ಲ. ಒಂದು ದಿನ ಕನ್ನಡಿಯ ಮುಂದೆ ಮುಖಕ್ಕೆ ಪೌಡರು ಹಚ್ಚುತ್ತಿದ್ದವಳು ಅರ್ಧಕ್ಕೇ ಬಿಟ್ಟು ಎದ್ದು ಬಂದಳು.

ಇದನ್ನು ಹೇಳಿದರೆ ಊರು ಅವಳ ಮುಖಕ್ಕೆ ಉಗಿಯುತ್ತದೆ. ನಮ್ಮ ಗಂಡಂದಿರ ಬಗ್ಗೆ ಮಾತಾಡಲು ನೀನ್ಯಾರು ಎನ್ನುತ್ತದೆ. ವಾಹಿನಿ ಹುಟ್ಟಿದ ದಿನವೇ ಮುಗಿಯುತ್ತದೆ. ಹೇಳದಿದ್ದರೂ ಮುಗಿಯುತ್ತದೆ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ದಿಮೋ ಸಮಾಧಾನ ಮಾಡಲು ಹೋಗಲಿಲ್ಲ. ದೀಪಗಳನ್ನು ಹಚ್ಚಿದ.

ಏಳಕ್ಕೆ ಅವಳು ಕ್ಯಾಮೆರಾದ ಮುಂದೆ ಕೂತು, ತಮ್ಮನ ಫೋಟೋವನ್ನು ಕೋಟಿಲ್ಲದೆ, ಹಸಿರು ಗೋಡೆಯ ಸಮೇತ ತೋರಿಸಿದಳು. ಅವನ ಮಣಿಕಟ್ಟು ಹೇಗೆ ಜೋತುಬಿದ್ದಿತ್ತೆಂದು ಹೇಳಿದಳು. ಸಾಯುವ ಹಿಂದಿನ ಮಾರ್ಚ್ ಒಂದರ ವಸಂತದ ಹಬ್ಬಕ್ಕೆ ಅಕ್ಕನ ಕೈಗೆ ಶುಭದ ಕೆಂಪು ಬಿಳಿ ದಾರ ಕಟ್ಟಲು ಹೋಗಿ ಗಂಟು ಹಾಕಲಾರದೆ ನಕ್ಕಿದ್ದನ್ನು, ತಾನು ಅದನ್ನು ನೋಡಿಯೂ ಸೋಫಿಯಾದ ಬಸ್ಸು ಹತ್ತಿದ್ದನ್ನು ಹೇಳಿದಳು. ಸಹಿಯ ವಿಷಯ, ಪ್ರಶಸ್ತಿಯ ವಿಷಯ, ಯಾವುದನ್ನೂ ಬಿಡಲಿಲ್ಲ.

"ಈ ಊರಿಗೆ ಸುಳ್ಳು ಹೇಳಿದವರಲ್ಲಿ ನಾನೂ ಒಬ್ಬಳು," ಎಂದಳು. "ನನ್ನ ತಮ್ಮ ಹೃದಯ ನಿಂತು ಸಾಯಲಿಲ್ಲ."

ಅಷ್ಟಕ್ಕೆ ಹನ್ನೆರಡು ನಿಮಿಷವಾಗಿತ್ತು. ಮೇಜಿನ ಮೇಲಿದ್ದ ಫೋನ್ ರಿಂಗಾಗಲಿಲ್ಲ. ಹೇಳಲು ಬೇರೇನೂ ಉಳಿದಿರಲಿಲ್ಲ. ದಿಮೋ ಮೆತೋದಿಯ ಮುಖವನ್ನು ಪರದೆಯ ಮೇಲೆ ಹಾಗೇ ಬಿಟ್ಟ. ಕಾಲು ಗಂಟೆ ಕಳೆಯಿತು, ಆಮೇಲೆ ಇನ್ನೂ ಐದು ನಿಮಿಷ. ಬಾಣಲೆಯವರಿಗೆ ನಾಳೆಯೇ ಕರೆ ಹೋಗುತ್ತದೆ ಎಂದುಕೊಂಡಳು.

ಮುಂದಿನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಪೆನ್ಕಾ ಬಂದಿದ್ದಳು. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ತಲೆಯ ಮೇಲೆ ವಸ್ತ್ರವಿಲ್ಲ, ಓಡಿ ಬಂದದ್ದಕ್ಕೆ ಏದುಸಿರು. ಕ್ಯಾಮೆರಾದ ಕಡೆ ಅವಳು ನೋಡಲಿಲ್ಲ.

"ಬೈಯೋಕೆ ಬಂದಿಲ್ಲ, ಅದನ್ನ ಇನ್ನೊಂದಿನ ಬೈತೀನಿ," ಎಂದು ನೇವೆನಾಳಿಗೆ ಹೇಳಿ ದಿಮೋನ ಕಡೆ ತಿರುಗಿದಳು. "ಶನಿವಾರಕ್ಕೆ ಕೋಸ್ತಾನ ಆರು ತಿಂಗಳು. ಕಾಗದ ಮಾಡ್ಕೊಡು. ಕೋಟು ಬೇಡ. ಹೆಂಗಿದ್ನೋ ಹಂಗೇ ಇರ್ಲಿ, ನಂಬರೂ ಇರ್ಲಿ."

ದಿಮೋ ಆಗಲಿ ಎಂದ. ಅವಳು ಹೋಗಲಿಲ್ಲ. ತನ್ನ ಸ್ವೆಟರಿನ ಜೇಬಿನಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು. ಪ್ಲಾಸ್ಟಿಕ್ಕಿನ ಹೊಳಪು ಇನ್ನೂ ಮಾಸದ ಹೊಸ ಗೇಟ್ ಪಾಸು. ರೂಮೆನ್ ಬೂದು ಅಂಗಿ ತೊಟ್ಟು ನೆಟ್ಟಗೆ ನೋಡುತ್ತಿದ್ದ. ಹಿಂದೆ ಹಸಿರು ಗೋಡೆ. ನೇವೆನಾ ಎದ್ದು ಬಂದು ಅದನ್ನು ನೋಡಿದಳು, ಪರದೆಯ ಮೇಲಿದ್ದ ತಮ್ಮನನ್ನು ನೋಡಿದಳು. ಇಬ್ಬರ ಹಿಂದೆಯೂ ಅದೇ ಬಿರುಕಿತ್ತು.

"ನಿನ್ನ ಟೀವೀಲಿ ಆ ಗೋಡೆ ನೋಡ್ದೆ," ಎಂದಳು ಪೆನ್ಕಾ. "ಅವನು ಮಲಗಿದಾನೆ, ಹತ್ತಕ್ಕೆ ಪಾಳಿ. ಜೇಬಿಂದ ಕದ್ದು ತಂದೆ. ಇದಿಲ್ದೆ ಒಳಗೆ ಬಿಡಲ್ಲ. ಇವತ್ತೊಂದಿನ ಇಟ್ಕೋ ದಿಮೋ, ಎಲ್ಲಾದ್ರೂ ಬಚ್ಚಿಡು. ನಾಳೆದು ನಾಳೆ ನೋಡ್ತೀನಿ."

ದಿಮೋ ಪಾಸನ್ನು ಡ್ರಾಯರಿನಲ್ಲಿ ಹಾಕಿ ಬೀಗ ತಿರುಗಿಸಿದ. ಆಮೇಲೆ ಕೋಸ್ತಾದಿನ್‌ನ ಫೋಟೋ ತೆರೆದು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಏನನ್ನೂ ತೊಡಿಸದೆ ಅಚ್ಚಿಗೆ ಕೊಟ್ಟ. ಎಷ್ಟು ಪ್ರತಿ ಬೇಕೆಂದು ಕೇಳಿದ. ಊರಲ್ಲಿ ಎಷ್ಟು ಬಾಗಿಲಿದೆಯೋ ಅಷ್ಟು ಎಂದಳು ಪೆನ್ಕಾ.