ಇಳಿಯುವಾಗ ಎಡಗಾಲು

ಮುದಿಹಂದಿ ಗುಡ್ಡ ಹತ್ತುವಾಗ ಐವಾಳಿಗೆ ಭಯವಿರಲಿಲ್ಲ. ಹತ್ತುವಾಗ ಅದರಷ್ಟು ಸಾಧುವಾದದ್ದು ಆ ಕಣಿವೆಯಲ್ಲಿ ಇನ್ನೊಂದಿಲ್ಲ. ಎಡ ಲಿವರ್ ಎಳೆದರೆ ಎಡಕ್ಕೆ, ಬಲ ಲಿವರ್ ಎಳೆದರೆ ಬಲಕ್ಕೆ, ಹೇಳಿದಂತೆ ಕೇಳಿಕೊಂಡು ಕಬ್ಬಿಣದ ಪಟ್ಟಿಗಳನ್ನು ಗರಗರ ಉರುಳಿಸುತ್ತ ಹೋಗುತ್ತಿತ್ತು. ಭಯವೇನಿದ್ದರೂ ಸಂಜೆಯದು, ಅದು ಇಳಿಯುವ ಹೊತ್ತಿನದು.

ಮುದಿಹಂದಿ ಅಂದರೆ ಅವಳ ಗಂಡ ಹೋಬರ್ಟ್ ಕೂಮ್ಸನ ಮಣ್ಣು ತೋಡುವ ಲೋಡರ್. ಚಕ್ರಗಳಿಲ್ಲ, ಯುದ್ಧದ ಟ್ಯಾಂಕಿಗೆ ಇರುವಂಥ ಪಟ್ಟಿಗಳು. ಮುಂದೆ ಒಂದು ಹಸು ಮಲಗುವಷ್ಟು ಅಗಲದ ಬಕೆಟ್. ಗುಡ್ಡದಾಚೆಯ ಕಲ್ಲಿದ್ದಲು ಗಣಿ ಮುಚ್ಚಿದಾಗ ಹರಾಜಿನಲ್ಲಿ ತಂದದ್ದು, ಆಗಲೇ ಅದಕ್ಕೆ ವಯಸ್ಸಾಗಿತ್ತು. ಹೋಬರ್ಟ್ ಅದರಲ್ಲಿ ಹಂದಿಗೂಡಿಗೆ ಜಾಗ ಸಮ ಮಾಡಿದ, ಹೊಂಡ ತೋಡಿದ, ತಮ್ಮ ಎಲ್ಜಿನ್ನನ ಮನೆಗೆ ಪಾಯ ತೆಗೆದ. ಮದುವೆಯ ಫೋಟೋ ಯಾವ ಪೆಟ್ಟಿಗೆಯಲ್ಲಿದೆಯೋ ಅವನಿಗೆ ಗೊತ್ತಿಲ್ಲ. ಮುದಿಹಂದಿಯ ಯಾವ ಬೋಲ್ಟು ಸಡಿಲ ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಾನೆ.

ಅದರ ವಕ್ರಬುದ್ಧಿಯನ್ನೂ ಅವನೇ ಊಟದ ಮೇಜಿನ ಮೇಲೆ ಫೋರ್ಕು ಚಮಚ ಇಟ್ಟು ಅವಳಿಗೆ ತೋರಿಸಿಕೊಟ್ಟಿದ್ದ. ಇಳಿಜಾರಿನಲ್ಲಿ ಎಡ ಲಿವರ್ ಎಳೆದರೆ ಎಡಪಟ್ಟಿಗೆ ಇಂಜಿನ್ನಿನ ಹಿಡಿತ ತಪ್ಪುತ್ತದೆ. ಹಿಡಿತ ತಪ್ಪಿದ್ದು ತನ್ನ ಭಾರಕ್ಕೆ ತಾನೇ ಮುಂದೋಡುತ್ತದೆ. ಎಡಕ್ಕೆ ಹೋಗಬೇಕಾದ ಯಂತ್ರ ಬಲಕ್ಕೆ ತಿರುಗಿಬಿಡುತ್ತದೆ. ಹಾಗಾಗಬಾರದು ಅಂದರೆ ಲಿವರ್ ಎಳೆಯುವ ಮೊದಲೇ ಎಡಗಾಲಿನಿಂದ ಎಡ ಬ್ರೇಕನ್ನು ಒತ್ತಿ ಹಿಡಿದಿರಬೇಕು. ಹೊಸಬರು ಸಾಯುವುದು ಇಲ್ಲೇ ಎಂದು ಹೋಬರ್ಟ್ ಖುಷಿಯಿಂದ ಹೇಳುತ್ತಿದ್ದ. ತಾನು ಹೊಸಬನಲ್ಲವಲ್ಲ ಎಂಬ ಖುಷಿ ಅದು.

ಈಗ ಅವನು ತೋಡುತ್ತಿದ್ದದ್ದು ಗುಡ್ಡದ ನೆತ್ತಿಗೆ ಹೋಗುವ ದಾರಿ. ಕೂಮ್ಸ್ ಮನೆತನದವರು ಸತ್ತರೆ ನೆತ್ತಿಗೇ ಹೋಗುತ್ತಾರೆ. ಕಣಿವೆಯಲ್ಲಿ ಸಮ ನೆಲ ಇರುವುದೇ ಅಂಗೈಯಗಲ, ಅದರಲ್ಲಿ ಜೋಳ ಬಿತ್ತುವುದೋ ಹೆಣ ಹೂಳುವುದೋ ಅಂತ ಹಿಂದಿನವರು ಯೋಚಿಸಿ ಮಾಡಿದ ಏರ್ಪಾಡು. ಮಗ ಡೆಂಜಿಲ್‌ನನ್ನೂ ಅಲ್ಲಿಗೇ ಹೊತ್ತು ಒಯ್ದಿದ್ದರು. ಆಗ ಐವಾ ಆ ಕಡಿದಾದ ಕಾಲುದಾರಿಯನ್ನು ಅವರಿವರ ಭುಜ ಹಿಡಿದು ಹತ್ತಿದ್ದಳು. ಆಮೇಲೆ ಅವಳ ಸೊಂಟದ ಕೀಲುಗಳು ಸವೆದುಹೋದವು. ಮೇ ತಿಂಗಳಲ್ಲಿ ಸಮಾಧಿಗಳಿಗೆ ಹೂವಿಡುವ ಭಾನುವಾರ ಬಂದಾಗ ಇಡೀ ಬಳಗ ಬುಟ್ಟಿ ಹಿಡಿದು ಮೇಲೆ ಹೋಗುತ್ತಿತ್ತು, ಅವಳು ಕೆಳಗೆ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಮರಗಳ ಸಂದಿಯಲ್ಲಿ ಯಾರ ಅಂಗಿಯ ಬಣ್ಣವಾದರೂ ಕಂಡೀತೇ ಎಂದು ನೋಡುತ್ತಿದ್ದಳು.

ಚಳಿಗಾಲದಲ್ಲಿ ಒಂದು ದಿನ ಪಾತ್ರೆ ತೊಳೆಯುತ್ತ ಅಂದಿದ್ದಳು, "ಒಂದ್ಸಲ ಮೇಲೆ ಹೋಗಿ ಅವನ ಹತ್ರ ಕೂತು ಬಂದಿದ್ರೆ ಸಾಕಿತ್ತು ನಂಗೆ."

ಮಂಜು ಕರಗಿದ್ದೇ ತಡ ಹೋಬರ್ಟ್ ಮುದಿಹಂದಿಯ ಬ್ಯಾಟರಿ ಚಾರ್ಜಿಗೆ ಹಾಕಿದ.

ಅವನ ಕಾಲಿನ ವಿಷಯ ಅವಳಿಗೆ ತಿಳಿದದ್ದು ಆ ದಿನಗಳಲ್ಲೇ. ಸಕ್ಕರೆ ಕಾಯಿಲೆ ಅವನಿಗೆ ಹಳೆಯದು. ಮಾತ್ರೆಗಳು ಕಿಟಕಿಯ ಕಟ್ಟೆಯಲ್ಲಿ ಬಣ್ಣ ಮಾಸುತ್ತಿದ್ದವು, ಸಿಹಿ ಚಹಾದ ಜಗ್ಗು ಮಾತ್ರ ಖಾಲಿಯಾಗುತ್ತಿತ್ತು. ಒಂದು ಸಂಜೆ ಅವನು ಕಟ್ಟಿಗೆಯ ಒಲೆಯ ಮುಂದೆ ಕಾಲು ಚಾಚಿ ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದ. ರಬ್ಬರು ಸುಟ್ಟ ವಾಸನೆ ಬಂತು. ಐವಾ ಕುಂಟುತ್ತ ಬಂದು ನೋಡಿದರೆ ಅವನ ಎಡ ಬೂಟಿನ ತಳ ಒಲೆಗೆ ಅಂಟಿ ಹೊಗೆಯಾಡುತ್ತಿದೆ, ಅವನು ರೇಡಿಯೋ ಕಡೆ ಕಿವಿಯಿಟ್ಟು ನಗುತ್ತಿದ್ದಾನೆ.

"ಸುಡ್ತಿಲ್ವೇನೋ ನಿಂಗೆ?"

"ಬೂಟು ದಪ್ಪ ಇದೆ ಕಣೇ," ಅಂದ ಹೋಬರ್ಟ್, ಕಾಲು ಎಳೆದುಕೊಂಡ. ಎಳೆದುಕೊಂಡದ್ದು ಕೈಯಿಂದ, ಪ್ಯಾಂಟಿನ ಮಡಿಕೆ ಹಿಡಿದು. ಆ ಕಾಲಿಗೆ ಸ್ಪರ್ಶವೇ ಇಲ್ಲವೆಂದು ಐವಾಳಿಗೆ ಆಗ ತಿಳಿಯಿತು.

ಅಂದಿನಿಂದ ಸಂಜೆಯಾದರೆ ಅವಳು ಕೈಯ ಕೆಲಸ ಬಿಟ್ಟು ಹಿತ್ತಲಿಗೆ ಬರತೊಡಗಿದಳು. ಯಂತ್ರವನ್ನು ಮೇಲೆಯೇ ಬಿಟ್ಟು ನಡೆದು ಬಾ ಅನ್ನುವ ಹಾಗಿಲ್ಲ. ನಿಲ್ಲಿಸಿಡುವ ಬ್ರೇಕಿನ ಹಲ್ಲುಗಳು ಎಂದೋ ಸವೆದಿದ್ದವು, ಬಕೆಟ್ ಊರಿಟ್ಟರೂ ರಾತ್ರಿಯೆಲ್ಲ ನಿಂತೀತೆಂಬ ನಂಬಿಕೆಯಿಲ್ಲ, ಮೇಲಿಂದ ಜಾರಿದರೆ ನೇರ ಬಂದು ಬೀಳುವುದು ಇವರ ಮನೆಯ ಮೇಲೆಯೇ. ಹಾಗಾಗಿ ದಿನವೂ ಇಳಿಸಲೇಬೇಕು. ದಾರಿಯ ನಡುವೆ ಬೀಚ್ ಜಾತಿಯ ದೊಡ್ಡ ಮರದ ಹತ್ತಿರ ಒಂದೇ ಒಂದು ಚೂಪು ತಿರುವು. ಇಳಿಯುವವನು ಅಲ್ಲಿ ಎಡಕ್ಕೆ ತಿರುಗಬೇಕು. ಬಲಕ್ಕೆ ಹೋದರೆ ನೆಲವಿಲ್ಲ, ಕೆಳಗೆ ಹಳ್ಳದ ಬಂಡೆಗಳು.

ಐವಾ ಹಿತ್ತಲಲ್ಲಿ ನಿಂತು ಕಿವಿಯಿಂದಲೇ ಅದನ್ನು ಇಳಿಸುತ್ತಿದ್ದಳು. ತಿರುವಿನ ಹತ್ತಿರ ಇಂಜಿನ್ನು ತಡೆದು ನರಳುವ ಸದ್ದು ಕೇಳಿದ ಮೇಲೆಯೇ ಅವಳು ಉಸಿರು ಬಿಡುವುದು. ಒಂದು ಸಂಜೆ ಸದ್ದು ನರಳಲಿಲ್ಲ, ಸಲೀಸಾಗಿ ಮೇಲೇರಿತು. ಕತ್ತೆತ್ತಿದರೆ ಮುದಿಹಂದಿಯ ಮೂತಿ ಬಲಕ್ಕೆ ತಿರುಗುತ್ತಿದೆ. ಬಕೆಟ್ಟಿನ ಹಲ್ಲುಗಳು ಬರೀ ಗಾಳಿಯಲ್ಲಿ ಚಾಚಿಕೊಂಡವು. ಅಂಚಿನ ಮಣ್ಣು ಹೆಂಟೆಹೆಂಟೆಯಾಗಿ ಹಳ್ಳಕ್ಕೆ ಸುರಿಯಿತು. ಹೋಬರ್ಟ್ ಬಕೆಟ್ಟನ್ನು ನೆಲಕ್ಕೆ ಬಡಿದು ಊರಿದ, ಯಂತ್ರ ತಡವರಿಸಿ ನಿಂತಿತು. ಬಹಳ ಹೊತ್ತು ಅವನು ಸೀಟಿನಲ್ಲಿ ಹಾಗೇ ಕೂತಿದ್ದ. ಆಮೇಲೆ ಹಿಂದಕ್ಕೆ ತೆಗೆದುಕೊಂಡು ಇಳಿದು ಬಂದ, ಕೈ ತೊಳೆದ, ಹಂದಿಕೊಬ್ಬು ಹಾಕಿ ಬೇಯಿಸಿದ ಕಾಳನ್ನು ಎರಡು ಸಲ ಬಡಿಸಿಕೊಂಡು ತಿಂದ.

ಮರುದಿನ ಅವಳು ಎಲ್ಜಿನ್ನನ ಮನೆಗೆ ಕೋಲೂರಿಕೊಂಡು ಹೋದಳು. ಮೈದುನ ಜಗಲಿಯಲ್ಲಿ ಹೊಗೆಸೊಪ್ಪು ಜಗಿಯುತ್ತ ಡಬ್ಬಿಗೆ ಉಗುಳುತ್ತಿದ್ದ.

"ಅತ್ತಿಗೆ, ನಿಮ್ಮ ಗಂಡ ಆ ಹಂದಿ ಮೇಲೆ ಕೂತಷ್ಟು ಹೊತ್ತು ಚರ್ಚಿನ ಬೆಂಚ್ ಮೇಲೂ ಕೂತಿಲ್ಲ. ಸುಮ್ನಿರಿ ನೀವು."

"ಕಾಲು ಸ್ವಾಧೀನದಲ್ಲಿಲ್ಲ ಕಣೋ ಅವನಿಗೆ. ನೀನು ಹೋಗಿ ಓಡಿಸು. ಇಲ್ಲಾ ಅವನ್ನ ಇಳೀ ಅನ್ನು."

ಎಲ್ಜಿನ್ ಡಬ್ಬಿಯೊಳಗೆ ನೋಡಿದ. "ಒಬ್ಬ ಗಂಡಸಿಗೆ ಅವನ ಯಂತ್ರದಿಂದ ಇಳಿ ಅನ್ನೋದೂ ಒಂದೇ, ಎಲ್ಲರ ಮುಂದೆ ಪ್ಯಾಂಟ್ ಬಿಚ್ಚು ಅನ್ನೋದೂ ಒಂದೇ. ನಾನು ಅವನ ತಮ್ಮ ಕಣತ್ತಿಗೆ. ನನ್ನ ಬಾಯಲ್ಲಿ ಅದು ಬರಲ್ಲ." ಡಬ್ಬಿಗೆ ಉಗುಳಿ ಸೇರಿಸಿದ, "ದಾರಿ ಮಾಡ್ತಿರೋದು ನಿಮಗಲ್ವಾ. ಬೇಡ ಅಂತ ನೀವೇ ಒಂದು ಮಾತು ಹೇಳಿದ್ರೆ ಮುಗೀತು."

ಅದೇ ಆಗದ ಕೆಲಸ. ವಾಪಸು ಬರುವ ದಾರಿಯುದ್ದ ಆ ಒಂದು ಮಾತನ್ನು ಐವಾ ಬಾಯಲ್ಲಿ ಹೊರಳಿಸಿ ನೋಡಿದಳು. ನಂಗೆ ಮೇಲೆ ಹೋಗೋದು ಬೇಡ. ಎಷ್ಟು ಚಿಕ್ಕ ಮಾತು. ಅದನ್ನು ಅಂದುಬಿಟ್ಟರೆ ಹೋಬರ್ಟ್ ಬದುಕುತ್ತಾನೆ. ಆದರೆ ಅದು ಶುದ್ಧ ಸುಳ್ಳು, ಅದೂ ಸತ್ತ ಮಗನ ಮೇಲೆ ಹೇಳುವ ಸುಳ್ಳು. ಜೊತೆಗೆ, ನಿಜ ಹೇಳಬೇಕೆಂದರೆ, ಅವಳಿಗೆ ಆ ದಾರಿ ಬೇಕಿತ್ತು. ಹೊಟ್ಟೆ ಹಸಿದವರಿಗೆ ಊಟ ಬೇಕಾಗುವ ಹಾಗೆ ಬೇಕಿತ್ತು. ಪ್ರತಿ ಬೆಳಿಗ್ಗೆ ಗಂಡ ಮುದಿಹಂದಿಯನ್ನು ಚಾಲೂ ಮಾಡಿದಾಗ ಅವಳ ಒಂದು ಮನಸ್ಸು ನಿಲ್ಲಿಸು ಅನ್ನುತ್ತಿತ್ತು, ಇನ್ನೊಂದು ಮನಸ್ಸು ಇವತ್ತೆಷ್ಟು ದೂರ ಹೋದೀತು ಎಂದು ಕೇಳುತ್ತಿತ್ತು. ತನ್ನ ಆ ಎರಡನೇ ಮನಸ್ಸನ್ನು ಕಂಡು ಅವಳಿಗೆ ಅಸಹ್ಯವಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಹೂವಿಡುವ ಭಾನುವಾರದ ಹಿಂದಿನ ದಿನ. ಎಲ್ಜಿನ್ ಪ್ಲಾಸ್ಟಿಕ್ ಹೂವು ತರಲು ಪೇಟೆಗೆ ಹೋಗಿದ್ದ. ಮಧ್ಯಾಹ್ನ ಐವಾ ಮೆಕ್ಕೆಜೋಳದ ರೊಟ್ಟಿ ಒಲೆಯಿಂದ ತೆಗೆಯುತ್ತಿದ್ದಾಗ ಮೇಲಿನ ಸದ್ದು ನಿಂತುಹೋಯಿತು. ಹೋಬರ್ಟ್ ಊಟಕ್ಕೂ ಇಂಜಿನ್ ನಿಲ್ಲಿಸುವವನಲ್ಲ, ನಿಂತರೆ ಮತ್ತೆ ಹೊರಡುವುದೋ ಇಲ್ಲವೋ ಎಂಬ ಚಿಂತೆ ಅವನಿಗೆ. ಅವಳು ಕಾದಳು. ಗುಡ್ಡ ಗಪ್‌ಚಿಪ್ಪಾಗಿತ್ತು. ಹಿತ್ತಲಿಗೆ ಬಂದು ಅವನ ಹೆಸರು ಕೂಗಿದಳು. ಉತ್ತರವಿಲ್ಲ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು.

ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಗುದ್ದಲಿ ಹಿಡಿದು ಐವಾ ಹೊಸ ದಾರಿಗೆ ಬಿದ್ದಳು. ಸೊಂಟದಲ್ಲಿ ಯಾರೋ ಕಲ್ಲಿನ ಮೇಲೆ ಕಲ್ಲು ತಿಕ್ಕಿದಂತೆ. ಬೀಚ್ ಮರದ ತಿರುವಿನಲ್ಲಿ ಹಳ್ಳದ ಕಡೆ ನೋಡಲೇ ಇಲ್ಲ, ನೋಡಿದರೆ ಏನು ಕಾಣುವುದೋ ಎಂದು. ಆಮೇಲೆ ನಾಚಿಕೆ ಬಿಟ್ಟು ಗುದ್ದಲಿ ಎಸೆದು, ಊರುಗೋಲನ್ನು ಬಿಡದೆ ಕೈಕಾಲಿನಲ್ಲಿ ತೆವಳಿ ಹತ್ತಿದಳು.

ಮುದಿಹಂದಿ ನೆತ್ತಿಯ ಅಂಚಿನಲ್ಲಿ ಬಕೆಟ್ ಊರಿಕೊಂಡು ನಿಂತಿತ್ತು. ಹೋಬರ್ಟ್ ಡೆಂಜಿಲ್‌ನ ಕಲ್ಲಿನ ಪಕ್ಕ ಕೂತು ಅಂಗಿಯ ತೋಳಿನಿಂದ ಅದರ ಮೇಲಿನ ಪಾಚಿ ಉಜ್ಜುತ್ತಿದ್ದ. ಹೆಂಡತಿಯನ್ನು ಕಂಡು ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

"ನಡ್ಕೊಂಡ್ ಬಂದ್ಯಾ? ಹುಚ್ಚು ಹೆಂಗ್ಸೇ, ದಾರಿ ಮುಗೀತು, ನಿನ್ನ ಕರ್ಕೊಂಡು ಬರೋಕೆ ಈಗ ಕೆಳಗೆ ಹೊರಟಿದ್ದೆ ನಾನು. ಬಕೆಟ್ ಗುಡಿಸಿಟ್ಟಿದೀನಿ. ಅಡಿಗೆಮನೆ ಕುರ್ಚಿ ಹಾಕಿ ರಾಣಿ ಥರ ಕೂರಿಸ್ಬೇಕು ಅಂತಿದ್ದೆ."

"ಕೂಗಿದ್ರೆ ಓ ಅನ್ನೋಕೆ ಏನಾಗಿತ್ತು ನಿಂಗೆ?"

"ಗಾಳಿ ಆ ಕಡೆ ಬೀಸ್ತಿದೆ. ಕೇಳ್ಸಿಲ್ಲ ಕಣೇ."

ಬೈಯಬೇಕು ಅಂದುಕೊಂಡವಳು ಮಗನ ಕಲ್ಲಿನ ಹತ್ತಿರ ಕುಸಿದು ಕೂತಳು. ಅದರ ಮೇಲೆ ಅಂಗೈಯಿಟ್ಟಳು. ಬಿಸಿಲಿಗೆ ಬೆಚ್ಚಗಿತ್ತು. ಎಷ್ಟು ಹೊತ್ತು ಅತ್ತಳೋ, ಅವನು ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದ. ಅವಳನ್ನು ಎಬ್ಬಿಸಿದ್ದು ಗುಡುಗು.

"ಹೋಗ್ಬೇಕು," ಅಂದ ಹೋಬರ್ಟ್. "ಮಳೆ ಬಿದ್ರೆ ಈ ಜೇಡಿಮಣ್ಣು ಬೆಣ್ಣೆ ಆಗಿಬಿಡುತ್ತೆ. ಬಾ, ಬಕೆಟ್‌ನಲ್ಲಿ ಕೂತ್ಕೋ."

ಅವಳು ಏಳಲು ನೋಡಿದಳು, ಸೊಂಟ ಏಳಲಿಲ್ಲ. ನಡೆದು ಇಳಿಯುವುದು ಇನ್ನು ಸಾಧ್ಯವಿಲ್ಲ. ಅವನನ್ನು ಉಳಿಸಲು ಬಂದವಳು ಅವನಿಗೇ ಹೊರೆಯಾಗಿ ಕೂತಿದ್ದಳು. ಹೋಬರ್ಟ್ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ ಯಂತ್ರದ ಹತ್ತಿರ ತಂದ. ಅವಳ ಕೈಯ ಊರುಗೋಲು ಜಾರಿ ಕೆಳಗೆ ಬಿತ್ತು.

"ಹೋಬರ್ಟ್. ನನ್ನ ಮುಖ ನೋಡು. ಕೆಳಗೆ ನೋಡ್ಬೇಡ. ನಿನ್ನ ಎಡಗಾಲು ಈಗ ಯಾವುದರ ಮೇಲಿದೆ ಹೇಳು."

ಅವನು ಅವಳ ಮುಖ ನೋಡಿದ. ಅವನ ಕಣ್ಣು ಕೆಳಗೆ ಹೋಗಲು ತವಕಿಸಿತು.

"ನೆಲದ ಮೇಲೆ," ಅಂದ ಕೊನೆಗೆ.

ಅವನ ಎಡ ಬೂಟು ಅವಳ ಊರುಗೋಲಿನ ಮೇಲಿತ್ತು. ಇಬ್ಬರೂ ಅದನ್ನು ನೋಡಿದರು. ಹೋಬರ್ಟ್ ಪ್ಯಾಂಟಿನ ಮಡಿಕೆ ಹಿಡಿದು ಕಾಲನ್ನು ಪಕ್ಕಕ್ಕೆ ಸರಿಸಿದ.

"ನಾನು ಬಕೆಟ್‌ನಲ್ಲಿ ಕೂರಲ್ಲ. ನಿನ್ನ ಪಕ್ಕ ಕೂರ್ತೀನಿ," ಅಂದಳು ಐವಾ.

ಸೀಟಿನ ಎಡಕ್ಕೆ ಬ್ಯಾಟರಿಯ ಕಬ್ಬಿಣದ ಪೆಟ್ಟಿಗೆ. ಅವನು ಅವಳನ್ನು ಅದರ ಮೇಲೆ ಕೂರಿಸಿದ. ಅವಳು ಅವನ ಎಡ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲಿನ ಮೇಲಿಟ್ಟಳು, ಅದರ ಮೇಲೆ ತನ್ನ ಕಾಲಿಟ್ಟಳು. ಇಂಜಿನ್ನು ಕೆಮ್ಮಿ ಕೆಮ್ಮಿ ಎದ್ದಿತು. ಮೊದಲ ಹನಿಗಳು ಬಿಸಿ ಇಂಜಿನ್ನಿನ ಮೇಲೆ ಚುಂಯ್‌ಗುಟ್ಟಿದವು.

ಇಳಿಜಾರಿಗೆ ಬಿದ್ದೊಡನೆ ಅವಳಿಗೆ ಗೊತ್ತಾಯಿತು, ಹಿತ್ತಲಿನಲ್ಲಿ ನಿಂತು ತಾನು ಪಟ್ಟ ಭಯ ಏನೇನೂ ಅಲ್ಲವೆಂದು. ಇಡೀ ಭಾರ ಬೆನ್ನ ಹಿಂದಿನಿಂದ ದೂಡುತ್ತಿತ್ತು. ಕೆಳಗೆ ಪಟ್ಟಿ ಒದ್ದೆ ಮಣ್ಣಿನಲ್ಲಿ ಜಾರಿ, ಕಚ್ಚಿ, ಮತ್ತೆ ಜಾರುತ್ತಿತ್ತು. ಬೀಚ್ ಮರ ಬಂತು. ಅದರಾಚೆ ಬರೀ ಆಕಾಶ.

"ಒತ್ತು," ಅಂದ ಹೋಬರ್ಟ್.

ಒತ್ತಿದಳು. ಅವನು ಲಿವರ್ ಎಳೆದ. ಮೂತಿ ಬಲಕ್ಕೆ ಹೊರಳತೊಡಗಿತು.

"ಇನ್ನೂ ಒತ್ತು ಐವಾ. ನನ್ನ ಕಾಲು ಅಂತ ನೋಡ್ಬೇಡ."

ಅವಳು ಪೆಟ್ಟಿಗೆಯಿಂದ ಎದ್ದೇಬಿಟ್ಟಳು. ಮೈಯ ಭಾರವನ್ನೆಲ್ಲ ಆ ಒಂದು ಕಾಲಿನ ಮೇಲೆ ಬಿಟ್ಟಳು. ಸೊಂಟದ ನೋವಿಗೆ ಕಣ್ಣು ಕತ್ತಲಿಟ್ಟಿತು. ಬೂಟಿನೊಳಗೆ ಏನೋ ಹಸಿ ಕಡ್ಡಿ ಮುರಿದಂತೆ ಲಟಕ್ಕೆಂದು ಜಗ್ಗಿತು. ಇಂಜಿನ್ನು ನರಳಿತು. ಮುದಿಹಂದಿ ಒಲ್ಲದ ಮನಸ್ಸಿನಿಂದ ಎಡಕ್ಕೆ ತಿರುಗಿತು, ಬಲಗಡೆಯ ಅಂಚು ಕುಸಿದು ಹಳ್ಳಕ್ಕೆ ಹೋದ ಸದ್ದು ಹಿಂದೆ ಕೇಳಿಸಿತು.

ಕೊಟ್ಟಿಗೆಯ ಮುಂದೆ ಇಂಜಿನ್ ಆರಿಸಿದಾಗ ಮಳೆ ಧೋ ಎಂದು ಸುರಿಯುತ್ತಿತ್ತು. ಹೋಬರ್ಟ್ ಏನೂ ಆಗಿಲ್ಲವೆಂಬಂತೆ ಸೂರಿನ ಕೆಳಗೆ ದಿಮ್ಮಿಯ ಮೇಲೆ ಕೂತ. ಐವಾ ಅವನ ಮುಂದೆ ಕೂತು ಬೂಟಿನ ಲೇಸು ಬಿಚ್ಚಿದಳು.

"ಬಿಡೇ, ನೋವೇನಿಲ್ಲ."

"ಮುರಿದಿದೀನಿ ಕಣೋ. ನಂಗೆ ಗೊತ್ತಾಗಿದೆ."

ಕಾಲುಚೀಲ ಅಂಟಿಕೊಂಡಿತ್ತು. ಎಳೆದಾಗ ವಾಸನೆ ಬಂತು. ಎರಡು ಬೆರಳು ಸೊಟ್ಟಗಾಗಿದ್ದವು, ಅದು ಅವಳು ಈಗ ಮಾಡಿದ್ದು. ಆದರೆ ಬೆರಳುಗಳು ಕಪ್ಪಾಗಿದ್ದವು, ಒಣಗಿದ ಕಾಳುಮೆಣಸಿನ ಕಪ್ಪು. ಆ ಕಪ್ಪು ಪಾದದ ನಡುವಿನ ತನಕ ಏರಿ, ಅದರ ಮುಂದೆ ಕೆಂಪು ಗೆರೆಯಾಗಿ ಹರಡಿತ್ತು. ಅದು ಇವತ್ತಿನದಲ್ಲ.

"ಯಾವಾಗಿಂದ?" ಅಂದಳು ಐವಾ.

"ಏಪ್ರಿಲ್ಲಲ್ಲಿ ಕಂಡಿತ್ತು." ಹೋಬರ್ಟ್ ಆ ಕಾಲನ್ನು ಬೇರೆ ಯಾರದೋ ಸಾಮಾನು ನೋಡುವ ಹಾಗೆ ನೋಡಿದ. "ಡಾಕ್ಟರ ಹತ್ರ ಹೋದ್ರೆ ಕತ್ತರಿಸ್ತಾರೆ. ಆಮೇಲೆ ದಾರಿ ಯಾರು ಮುಗಿಸ್ತಿದ್ರು, ಎಲ್ಜಿನ್ನಾ? ಅವನಿಗೆ ಸೌತೆಕಾಯಿ ಮಡಿನೂ ನೆಟ್ಟಗೆ ತೆಗೆಯೋಕೆ ಬರಲ್ಲ."

ಐವಾಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟು ದೊಡ್ಡದಿತ್ತು. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು.

"ನಂಗೆ ಆ ದಾರಿ ಬೇಡವಾಗಿತ್ತು ಹೋಬರ್ಟ್. ಮೇಲೆ ಹೋಗೋದು ನಂಗೆ ಬೇಕೇ ಇರ್ಲಿಲ್ಲ."

ಹೋಬರ್ಟ್ ಅವಳ ಒದ್ದೆ ಕೂದಲನ್ನು ಹಣೆಯಿಂದ ಸರಿಸಿದ.

"ಸುಳ್ಳು ಹೇಳ್ಬೇಡ ಕಣೇ," ಅಂದ. "ಮೇಲೆ ನಿನ್ನ ಮುಖ ನೋಡಿದೀನಿ ನಾನು."

ಕೆಳಗಿನ ರಸ್ತೆಯಲ್ಲಿ ಎಲ್ಜಿನ್ನನ ಟ್ರಕ್ಕಿನ ಸದ್ದು ಕೇಳಿ, ಐವಾ ಗೋಡೆ ಹಿಡಿದು ಎದ್ದು, ಅವನನ್ನು ಡಾಕ್ಟರ ಹತ್ತಿರ ಒಯ್ಯಲು ಅದನ್ನು ತಡೆಯಬೇಕೆಂದು ಮಳೆಯಲ್ಲಿ ಕೈಬೀಸುತ್ತ ಹೋದಳು.