ಇಂಗಾಲದ ಹಾಳೆ

ಪಟಕ್ಕನೆ ಸದ್ದಾಯಿತು. ಉಗುರಿನಷ್ಟಗಲದ ಕಪ್ಪು ಹಾಳೆ ಮಹಾಂತಪ್ಪನ ಬೆರಳುಗಳ ನಡುವೆ ಎರಡು ತುಂಡಾಗಿತ್ತು.

"ಹಗೂರ ಅಪ್ಪಾ..." ಎಂಬ ಮಾತು ಉಮಾಶ್ರೀಯ ಬಾಯಲ್ಲೇ ಉಳಿಯಿತು. ಧಾರವಾಡದ ಪ್ರಯೋಗಶಾಲೆಯಲ್ಲಿ ಎಂಟು ತಿಂಗಳು ಹೆಣಗಿ ಮಾಡಿದ್ದರಲ್ಲಿ ಬಿರುಕಿಲ್ಲದೆ ಉಳಿದದ್ದು ಇದೊಂದೇ. ಅಪ್ಪನಿಗೆ ತೋರಿಸುವ ಆಸೆ ತಡೆಯಲಾರದೆ ಹತ್ತಿಯಲ್ಲಿ ಸುತ್ತಿ ದಾಂಡೇಲಿಗೆ ತಂದಿದ್ದಳು.

ಮಹಾಂತಪ್ಪ ಮೂವತ್ತು ವರ್ಷ ಕಾಗದದ ಮಿಲ್ಲಿನಲ್ಲಿ ಹಾಳೆ ಒಣಗಿಸುವ ಕಡೆ ದುಡಿದವನು. ಎರಡು ವರ್ಷದ ಹಿಂದೆ ನ್ಯುಮೋನಿಯಾ ಬಂದು ಹೋದ ಮೇಲೆ ಪುಪ್ಪುಸ ಸುಧಾರಿಸಲೇ ಇಲ್ಲ. ಗಾಳಿಯಿಂದ ಆಮ್ಲಜನಕ ಸೋಸುವ ದೊಡ್ಡ ಡಬ್ಬಿ ಮನೆಗೆ ಬಂತು, ಮೂಗಿಗೆ ಅದರ ನಳಿಕೆ ಬಂತು. ನಳಿಕೆಯ ಉದ್ದವೆಷ್ಟೋ ಅಷ್ಟೇ ಅವನ ಊರು.

"ಅಂಥಾದ್ದೇನೈತವ್ವ ಇದರೊಳಗ?"

"ಇಂಗಾಲ ಅಪ್ಪಾ. ಮುದುಡಿದ ಹಾಳಿ ಒಂದರ ಮ್ಯಾಲೊಂದು ಒಟ್ಟಿದಂಗ ಇರ್ತೈತಿ. ನಡುವ ಕಣ್ಣಿಗೆ ಕಾಣದಂಥಾ ಸಂದಿ. ಗಾಳಿಯೊಳಗಿನ ಆಕ್ಸಿಜನ್ ಆ ಸಂದ್ಯಾಗ ನುಸುಳತೈತಿ. ನೈಟ್ರೋಜನ್ ಒಂಚೂರು ದಪ್ಪ, ಹಿಂದ ಉಳೀತೈತಿ."

"ಹಂಗಾರ ಈ ಡಬ್ಬಿ ಸಣ್ಣದಾಗತೈತೇನು? ಕಿಸೇದಾಗ ಇಟ್ಕೊಂಡು ಹೊಳಿ ದಂಡಿಗೆ ಹೋಗಬಹುದಾ?"

ಅವಳು ಒಂದು ತುಂಡನ್ನು ಮತ್ತೆ ಹತ್ತಿಯಲ್ಲಿ ಸುತ್ತಿದಳು. ಅವನು ಇನ್ನೊಂದನ್ನು ಬೆಳಕಿಗೆ ಹಿಡಿದು ನೋಡಿದ. "ಎಷ್ಟು ತಾಸು ಕಾಸಿದಿ ಇದನ್ನ?"

"ಮೂರು ತಾಸು. ಕಟ್ಟಿಗಿ ತಿರುಳಿನ ಹಾಳಿ ಅಪ್ಪಾ, ಗಾಳಿ ತಾಕದಂಗ ಸುಟ್ಟು ಇಂಗಾಲ ಮಾಡೋದು."

"ಅದಕ್ಕ ಮತ್ತ. ತಿರುಳು ಅಂದ್ರ ಒಳಗ ನೀರು ಹಿಡಕೊಂಡಿರ್ತೈತಿ. ಒಮ್ಮಿಗೇ..." ದಮ್ಮು ಹತ್ತಿತು. ಹೆಂಡತಿ ಮಾಲವ್ವ ಬಂದು ಬೆನ್ನು ತಿಕ್ಕಿದಳು. ಸಾವರಿಸಿಕೊಂಡು ಮುಗಿಸಿದ: "ಒಮ್ಮಿಗೇ ಬಿಸಿ ಕೊಟ್ರ ಸೆಟದು ಬಿರೀತೈತಿ. ಮಿಲ್ಲಿನ್ಯಾಗ ನಾವು ಬಿಸಿ ಉರುಳಿಗಳ ಮ್ಯಾಲೆ ಹಾಯಿಸಿ, ಪುಸಲಾಯಿಸಿ ಒಣಗಸ್ತಿದ್ವಿ."

ಧಾರವಾಡಕ್ಕೆ ಮರಳಿದವಳು ಮೂರು ತಾಸಿನ ಕಾವನ್ನು ಎರಡು ದಿನಕ್ಕೆ ಹಿಗ್ಗಿಸಿದಳು. ಆರನೆಯ ಸಲಕ್ಕೆ ಹಾಳೆ ಇಡಿಯಾಗಿ ಬಂತು. ತುಸು ಬಗ್ಗಿಸಿದರೂ ಮುರಿಯಲಿಲ್ಲ. ಅಳೆದು ನೋಡಿದರೆ ಆಮ್ಲಜನಕ ನೈಟ್ರೋಜನ್‌ಗಿಂತ ಎಂಟು ಪಟ್ಟು ಬೇಗ ದಾಟಿತ್ತು. ಊಟ ಬಿಟ್ಟು ಮನೆಗೆ ವಿಡಿಯೊ ಕರೆ ಮಾಡಿದಳು.

"ಅಪ್ಪಾ, ಆತು! ನೀ ಹೇಳಿದಂಗ ಮಾಡ್ದೆ."

ಅವನ ಮುಖ ಅರಳಿತು. "ಹಂಗಾರ ಮನಿಗೆ ಯಾವಾಗ ತರ್ತಿ?"

'ಲಗೂನ' ಎಂಬ ಸುಳ್ಳು ಉಮಾಶ್ರೀಯ ನಾಲಿಗೆಯ ತುದಿಯವರೆಗೂ ಬಂದಿತ್ತು. "ಭಾಳ ವರ್ಷ ಹಿಡೀತೈತಿ ಅಪ್ಪಾ. ಇದು ಉಗುರಿನಷ್ಟು ಐತಿ. ಒಂದು ಯಂತ್ರಕ್ಕ ಇಂಥಾವು ಸಾವಿರಗಟ್ಲೆ ಬೇಕು."

ಮಹಾಂತಪ್ಪ ಕಿಟಕಿಯ ಕಡೆ ನೋಡಿದ. ಆಮೇಲೆ ಕೇಳಿದ: "ಮೊದಲನೇ ತಾಸು ಎಷ್ಟು ಬಿಸಿ ಇಟ್ಟಿದ್ದಿ? ಎಲ್ಲಾ ಬಿಡಿಸಿ ಹೇಳು."

ಅವಳು ಹೇಳತೊಡಗಿದಳು. ಒಂದು ಮಾತೂ ತಪ್ಪದೆ ಕೇಳಿಸಲೆಂದು ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಪರದೆಯ ತುಂಬ ಅವಳಿಗೆ ಕಂಡದ್ದು ಬಿಳಿ ಕೂದಲು, ಒಂದು ಕಿವಿ.