ಸ್ವರ್ಣಲತಾ ನೋಡಿಬಂದ ದ್ವೀಪ

"ಪಪ್ಪಾ, ಹಚ್ಚಿ," ಎಂದು ಶ್ರವಣ್ ಕುಂಕುಮದ ಭರಣಿಯನ್ನು ಮತ್ತೆ ಮುಂದೆ ಹಿಡಿದ. ಮೋಹನದಾಸರ ಬೆರಳು ಕೆಂಪಾಗಿತ್ತು, ಆದರೆ ಹೆಂಡತಿಯ ಹಣೆಯ ತನಕ ಹೋಗುತ್ತಿರಲಿಲ್ಲ. ಶವಾಗಾರದ ಕೋಣೆಯ ಚಳಿಗೆ ಎಲ್ಲರೂ ಕೈ ಕಟ್ಟಿಕೊಂಡು ನಿಂತಿದ್ದರು. ಕೊನೆಗೆ ಮಗನೇ ಅವರ ಮಣಿಕಟ್ಟು ಹಿಡಿದು ಮುಂದಕ್ಕೆ ತಂದ. ಕುಂಕುಮ ಓರೆಯಾಗಿ, ಹುಬ್ಬಿನ ಮೇಲೆ ಕೂತಿತು.

ಪಕ್ಕದ ಫ್ಲ್ಯಾಟಿನ ಝುಲೈಖ ಹತ್ತಿರ ಬಂದು ಸ್ವರ್ಣಲತಾಳ ಸೀರೆಯ ಸೆರಗು ಸರಿಮಾಡಿದಳು.

"ಎಷ್ಟು ಚಂದ ಕಾಣ್ತಾರೆ ನೋಡಿ ಮೋಹನಣ್ಣ. ಆ ದ್ವೀಪದಿಂದ ಬಂದಾಗ ಬಿಸಿಲಿಗೆ ಕಪ್ಪಾಗಿ, ಮೂಗಿನ ಸಿಪ್ಪೆ ಎದ್ದಿತ್ತಲ್ಲ. ನಾನೆಷ್ಟು ನಗಾಡಿದೆ!"

ಮೋಹನದಾಸ್ ಹೆಂಡತಿಯ ಮೂಗು ನೋಡಿದರು. ಸಿಪ್ಪೆ ಎದ್ದದ್ದು ಅವರಿಗೆ ಗೊತ್ತಿರಲಿಲ್ಲ.

*

ಅವರದು ಕೊಲ್ಲಿನಾಡಿನ ರುವೈಸ್‌ನ ತೈಲ ರಿಫೈನರಿಯಲ್ಲಿ ಕೆಲಸ. ವಾರವಿಡೀ ಅಲ್ಲಿಯ ಕಂಪನಿ ಕ್ವಾರ್ಟರ್ಸ್, ರಜೆಗೆ ಖಲೀಫಾ ಸಿಟಿಯ ಮನೆ. ಸ್ವರ್ಣಲತಾ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕಿದ್ದಳು. ಪ್ರತಿ ಬೇಸಿಗೆಯಲ್ಲೂ ಉಡುಪಿ. ಗಂಡನ ಕಡೆಯ ಮದುವೆ, ಗೃಹಪ್ರವೇಶ, ಆಸ್ಪತ್ರೆ. ಕಳೆದ ವರ್ಷ ಮಾತ್ರ, "ಈ ಸಲ ಊರಿಗೆ ನಾನಿಲ್ಲ," ಎಂದಳು. ಶಾಲೆಯ ನರ್ಸ್, ಉಡುಪಿ ಕಡೆಯವಳೇ ಆದ ಪರ್ಲ್‌ಳ ಅಣ್ಣ ಕೆರಿಬಿಯನ್ ಕಡಲಿನ ಸೇಂಟ್ ಲೂಸಿಯಾದಲ್ಲಿ ಹೋಟೆಲಿನ ಅಡುಗೆಯವನು. ಪರ್ಲ್ ಹೊರಟಿದ್ದಳು, ಒಟ್ಟಿಗೆ ಬನ್ನಿ ಎಂದಿದ್ದಳು.

"ಬೆಟ್ಟ, ಜಲಪಾತ ನೋಡ್ಲಿಕ್ಕೆ ಭೂಮಿಯ ಆಚೆ ಬದಿಗೆ ಹೋಗ್ಬೇಕಾ? ಅದೂ ಗಂಡನನ್ನು ಬಿಟ್ಟು? ಜನ ಎಂತ ಹೇಳಿಯಾರು?"

"ನೀವೂ ಬನ್ನಿ."

"ನಾನು ಬರುದಿಲ್ಲ. ನೀನು ಹೋದ್ರೆ ಮತ್ತೆ ನನ್ನ ಹತ್ರ ಮಾತಾಡ್ಬೇಡ."

ಅವಳು ಹೋದಳು. ವಾಪಸು ಬಂದ ಮೇಲೆ ಮೊದಲ ಊಟಕ್ಕೆ ಬಡಿಸುತ್ತ, "ಅಲ್ಲಿ, ಗೊತ್ತುಂಟಾ..." ಎಂದು ಶುರುಮಾಡಿದಾಗ ಮೋಹನದಾಸ್ ಟಿವಿಯ ಸದ್ದು ಹೆಚ್ಚಿಸಿದರು. ಒಂದೆರಡು ವಾರ ಅವಳು ಪ್ರಯತ್ನಪಟ್ಟಳು. ಆಮೇಲೆ ಬಿಟ್ಟಳು. ಹೇಳಲೇಬೇಕಾದ್ದಿದ್ದರೆ ಅವರು ದುಬೈಯಲ್ಲಿದ್ದ ಮಗನಿಗೆ ಫೋನ್ ಮಾಡಿ, "ಅಮ್ಮನ ಹತ್ರ ಹೇಳು," ಎನ್ನುತ್ತಿದ್ದರು. ಅವಳು ಅಡುಗೆಮನೆಯಲ್ಲೇ ಇರುತ್ತಿದ್ದಳು. ಮಗ ಒಮ್ಮೆ, "ಪಪ್ಪಾ, this is crazy," ಎಂದು ಫೋನ್ ಇಟ್ಟಿದ್ದ. ಹಾಗೆಯೇ ತಿಂಗಳುಗಳು ಕಳೆದವು.

*

ನಗರದಾಚೆ, ಮರಳಿನ ನಡುವಿನ ಚಿತಾಗಾರದಲ್ಲಿ ಶ್ರವಣ್ ಅಮ್ಮನಿಗೆ ಬೆಂಕಿ ಕೊಟ್ಟ. ಜನ ನೆರಳಿಗೆ ಸರಿದು ನಿಂತರು. ರುವೈಸ್‌ನ ಸಹೋದ್ಯೋಗಿ ಲತೇಶ್ ಬಂದು ಮೋಹನದಾಸರ ಭುಜ ಒತ್ತಿದ.

"ಅಕ್ಕ ಬೋಟಲ್ಲಿ ನಿಂತು ಕೈ ಬೀಸುವ ವಿಡಿಯೋ ಕಳಿಸಿದ್ರು, ನನ್ನ ಹೆಂಡತಿ ದಿನಾ ಅದನ್ನೇ ನೋಡ್ತಿದ್ಲು. ಹಿಂದೆ ಸಮುದ್ರದಿಂದಲೇ ಎದ್ದು ನಿಂತ ಹಾಗೆ ಎರಡು ಬೆಟ್ಟ. ನಿಮಗೆ ಎಲ್ಲ ಹೇಳಿರಬೇಕು."

"ಹೌದು," ಎಂದರು ಮೋಹನದಾಸ್. "ತುಂಬಾ ಹೇಳ್ತಿದ್ದಳು."

ಸ್ವಲ್ಪ ದೂರದಲ್ಲಿ ನಿಂತಿದ್ದ ಪರ್ಲ್ ತಲೆಯೆತ್ತಿ ಅವರನ್ನು ನೋಡಿದಳು.

"ಬಿದ್ದ ಕೂಡಲೇ ನೀವು ಹತ್ರ ಇದ್ರಲ್ಲ, ಅದೊಂದು ಪುಣ್ಯ," ಎಂದ ಲತೇಶ್.

*

ಅವಳು ಬಿದ್ದ ಆ ಶನಿವಾರ ಬೆಳಿಗ್ಗೆ ಅವರು ಹಾಲ್‌ನಲ್ಲಿ ವಾರ್ತೆ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದು ಉರುಳಿದ ಸದ್ದು, ಅದರ ಹಿಂದೆಯೇ ಇನ್ನೊಂದು ಭಾರವಾದ ಸದ್ದು. ಏನಾಯಿತು ಎಂದು ಕೇಳಲು ಬಾಯಿ ತೆರೆದೇ ಇತ್ತು. ಕೇಳಿದರೆ ಮೊದಲು ಮಾತಾಡಿದವನು ತಾನಾಗುತ್ತೇನೆ ಅನ್ನಿಸಿತು. ಬಾಯಿ ಮುಚ್ಚಿದರು. ವಾರ್ತೆ ಮುಗಿದು ಜಾಹೀರಾತು ಬಂತು. ಕಾವಲಿಯ ಮೇಲೆ ದೋಸೆ ಕರಟುವ ವಾಸನೆ ಹಾಲ್‌ವರೆಗೂ ಬಂತು. ಆಗ ಎದ್ದು ಹೋದರು, ಬೈಯಲೆಂದೇ.

"ಸ್ವರ್ಣಾ," ಎಂದರು ಬಾಗಿಲಲ್ಲಿ ನಿಂತು. ಅವಳ ಕಣ್ಣು ತೆರೆದಿತ್ತು.

ಮೆದುಳಲ್ಲಿ ರಕ್ತಸ್ರಾವ, ಬೇಗ ತಂದಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ದುಬೈಯಿಂದ ಓಡಿಬಂದ ಶ್ರವಣ್ ಏದುಸಿರಿನಲ್ಲೇ ಕೇಳಿದ್ದ: "ನೀವು ಎಲ್ಲಿದ್ರಿ ಪಪ್ಪಾ?"

"ಸದ್ದು ಕೇಳಿದ ಕೂಡಲೇ ಓಡಿದೆ," ಎಂದಿದ್ದರು ಮೋಹನದಾಸ್.

*

ಬೂದಿ ತರಲು ಶ್ರವಣ್ ಅಲ್ಲೇ ಉಳಿದ. ಪರ್ಲ್ ಕಾರು ತೆಗೆದಳು. ಮುಂದೆ ಅವಳ ಪಕ್ಕದಲ್ಲಿ ಝುಲೈಖ, ಹಿಂದೆ ಮೋಹನದಾಸ್ ಒಬ್ಬರೇ. ಕಾರು ಹೆದ್ದಾರಿಗೆ ಬಂತು.

"ಪರ್ಲ್," ಎಂದರು ಮೋಹನದಾಸ್. "ನೀವು ಅಲ್ಲಿ ಎಂತೆಲ್ಲ ನೋಡಿದ್ರಿ?"

ಪರ್ಲ್ ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿದಳು. "ಈಗ ಯಾಕೆ ಅಂಕಲ್?"

"ಹೇಳಮ್ಮ."

ಅವಳು ಮೊದಮೊದಲು ತಡೆತಡೆದು ಹೇಳಿದಳು. ರಸ್ತೆಯುದ್ದಕ್ಕೂ ಜೀಗುಜ್ಜೆ, ಅದೇ ದೀವಿಹಲಸಿನ ಮರಗಳು. ನಮ್ಮ ಜೀಗುಜ್ಜೆ ಇಲ್ಲಿಗೆ ಹೇಗೆ ಬಂತು ಎಂದು ಸ್ವರ್ಣಕ್ಕ ಕಾರು ನಿಲ್ಲಿಸಿ ಮರ ಮುಟ್ಟಿದ್ದು. ಅಲ್ಲಿಯವರು ಅದರ ಕಾಯನ್ನು ಇಡಿಯಾಗಿ ಕೆಂಡದಲ್ಲಿ ಸುಡುತ್ತಾರೆ. ಕಾಡಿನ ಜಲಪಾತದ ಕೆಳಗೆ ಚೂಡಿದಾರದಲ್ಲೇ ಹೋಗಿ ನಿಂತದ್ದು. ಕರೆದರೂ ಹೊರಗೆ ಬರಲಿಲ್ಲ.

"ನನ್ನ ವಿಷಯ ಏನಾದ್ರೂ ಹೇಳ್ತಿದ್ದಳಾ?"

ಪರ್ಲ್ ಮುಂದಿದ್ದ ಲಾರಿಯೊಂದನ್ನು ದಾಟಿದಳು.

"ಇಲ್ಲ ಅಂಕಲ್. ಅಲ್ಲಿ ಯಾರ ವಿಷಯವನ್ನೂ ಹೇಳ್ಲಿಲ್ಲ." ಮತ್ತೆ ಏನೋ ನೆನಪಾಗಿ, "ಒಂದೇ ಸಲ. ಅಲ್ಲಿ ಜ್ವಾಲಾಮುಖಿ ಉಂಟು, ಕಾರು ಅದರ ಬಾಯಿಯ ತನಕ ಹೋಗ್ತದೆ. ಬೂದು ಕೆಸರು ಕೊತಕೊತ ಕುದಿಯುದು, ಗಂಧಕದ ವಾಸನೆ. ನಾನು ಮೂಗು ಮುಚ್ಚಿದೆ. ಸ್ವರ್ಣಕ್ಕ ಮುಚ್ಚಲೇ ಇಲ್ಲ. 'ಇದು ರುವೈಸ್‌ನಿಂದ ತೊಳೆಯಲಿಕ್ಕೆ ಬರುವ ಅಂಗಿಯ ವಾಸನೆ ಮಾರಾಯ್ತಿ, ಇಷ್ಟು ದೂರ ಬಂದ್ರೂ ನನ್ನನ್ನು ಬಿಡ್ಲಿಲ್ಲ ನೋಡು,' ಅಂದ್ರು."

ಝುಲೈಖಳಿಗೆ ತಡೆಯಲಾಗದೆ ನಗು ಬಂತು. "ಹೌದು ಹೌದು, ನನ್ನ ಹತ್ರವೂ ಹೇಳಿದ್ರು!" ಎಂದಳು. ಪರ್ಲ್‌ಗೂ ನಗು ಬಂತು. ಮರುಕ್ಷಣ ಇಬ್ಬರೂ ಹೆದರಿದವರಂತೆ ಸುಮ್ಮನಾದರು. ಝುಲೈಖ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಮತ್ತೆ?" ಎಂದರು ಮೋಹನದಾಸ್.

ಎಸಿಯ ಸದ್ದಿನಲ್ಲಿ ಪರ್ಲ್‌ಳ ದನಿ ಹಿಂದಿನ ಸೀಟಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಅವರು ಎರಡು ಸೀಟುಗಳ ನಡುವೆ ತಲೆ ತೂರಿಸಿ ಕಿವಿಗೊಟ್ಟರು. ಬೆಲ್ಟ್ ಬಿಗಿದು ಎದೆಯನ್ನು ಹಿಂದಕ್ಕೆಳೆಯಿತು. ಅವರು ಬಿಡಲಿಲ್ಲ, ಮುಂದಕ್ಕೇ ವಾಲಿದರು.